ಹೊಳೆ ದಾಟಿಸಿದ ಅಂಬಿಗರು

ಆ್ಯಪ್ ತಯಾರಿಸುವ ಸಣ್ಣ ಕಂಪನಿಗಳ ಜೊತೆ ಕುಳಿತು ಅವರ ಒಪ್ಪಂದಗಳನ್ನು ಓದುವುದು ನನ್ನ ವೃತ್ತಿ. ಬೆಂಗಳೂರಿನಲ್ಲಿ ನನ್ನ ಬಳಿ ಬರುವ ಬಹುತೇಕರು ಮೊದಲು ಕೇಳುವುದು ‘ಗೂಗಲ್‌ಗೆ ಕೊಡಬೇಕಾದ ಕಮಿಷನ್ ಎಷ್ಟು?’ ಎಂದು. ಆ ಕಮಿಷನ್ ಬದಲಾಯಿಸುವ ಅಧಿಕಾರ ಯಾರ ಕೈಯಲ್ಲಿದೆ ಎಂದು ಕೇಳುವವರು ಅಪರೂಪ. ನಾನು ಅವರಿಗೆ ಆಂಡ್ರಾಯ್ಡ್ ಬೆಳೆದುಬಂದ ಬಗೆಯನ್ನು ಹೇಳುತ್ತೇನೆ.

2005ರಲ್ಲಿ ಗೂಗಲ್ ಆಂಡ್ರಾಯ್ಡ್ ಎಂಬ ಪುಟ್ಟ ಕಂಪನಿಯನ್ನು ಕೊಂಡಿತು. 2007ರ ನವೆಂಬರ್ 5ರಂದು 34 ಕಂಪನಿಗಳ ಒಕ್ಕೂಟವೊಂದನ್ನು ಘೋಷಿಸಿತು. ಅದೇ ವರ್ಷ ಐಫೋನ್ ಬಂದಿತ್ತು. ಸ್ವಂತ ಕಾರ್ಯಾಚರಣೆ ವ್ಯವಸ್ಥೆ (ಆಪರೇಟಿಂಗ್ ಸಿಸ್ಟಂ) ಇಲ್ಲದ ಫೋನ್ ತಯಾರಕರು ಕಂಗಾಲಾಗಿದ್ದರು. ಮೈಕ್ರೋಸಾಫ್ಟ್ ಪ್ರತಿ ಫೋನಿಗೂ ಲೈಸೆನ್ಸ್ ಶುಲ್ಕ ಕೇಳುತ್ತಿದ್ದಾಗ ಗೂಗಲ್ ತನ್ನ ಕೋಡ್ ಅನ್ನು ಪುಕ್ಕಟೆಯಾಗಿ ಕೊಟ್ಟಿತು.

2008ರಲ್ಲಿ ಆಂಡ್ರಾಯ್ಡ್ ಮಾರ್ಕೆಟ್ (ಈಗಿನ ಪ್ಲೇ ಸ್ಟೋರ್) ತೆರೆದಾಗ ಆ್ಯಪ್ ಮಾರಾಟದ ಹಣದಲ್ಲಿ ಶೇ 70 ಡೆವಲಪರ್‌ಗೆ ಎಂದು ಪ್ರಕಟಿಸಿತು. ಉಳಿದ ಶೇ 30 ಮೊಬೈಲ್ ಸೇವಾ ಕಂಪನಿಗಳಿಗೆ ಮತ್ತು ಪಾವತಿಯ ವೆಚ್ಚಕ್ಕೆ. ತನಗೇನೂ ಬೇಡ ಎಂದಿತು. ಅಮೆರಿಕದಲ್ಲಿ ಆಗ ಫೋನ್ ಮಾರುತ್ತಿದ್ದವರು ಆ ಸೇವಾ ಕಂಪನಿಗಳೇ. ಅವರು ಕೈಹಿಡಿಯದಿದ್ದರೆ ಮೊದಲ ಆಂಡ್ರಾಯ್ಡ್ ಫೋನ್ ಅಂಗಡಿಗೇ ಬರುತ್ತಿರಲಿಲ್ಲ. ವರ್ಷಗಳು ಕಳೆದಂತೆ ಅದೇ ಶೇ 30ರ ಬಹುಪಾಲು ಗೂಗಲ್‌ಗೆ ಸೇರತೊಡಗಿತು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂಬ ಮಾತು ನನಗೆ ಪ್ರತಿ ಬಾರಿಯೂ ನೆನಪಾಗುವುದು ಇಲ್ಲಿ.

ಎರಡನೆಯ ಅಂಬಿಗರು ಫೋನ್ ತಯಾರಕರು. ಕೋಡ್ ಪುಕ್ಕಟೆಯಾದರೂ ಪ್ಲೇ ಸ್ಟೋರ್, ಜಿಮೇಲ್, ಮ್ಯಾಪ್ಸ್, ಯೂಟ್ಯೂಬ್ ಆ ಕೋಡಿನ ಭಾಗವಲ್ಲ. ಪ್ಲೇ ಸ್ಟೋರ್ ಬೇಕೆಂದರೆ ಗೂಗಲ್‌ನ ಆ್ಯಪ್‌ಗಳ ಇಡೀ ಕಂತೆಯನ್ನು ಮೊದಲೇ ಹಾಕಿಕೊಡಬೇಕು, ಗೂಗಲ್ ಹುಡುಕಾಟದ ಪಟ್ಟಿಯನ್ನು (ಸರ್ಚ್ ಬಾರ್) ಮುಖಪರದೆಯಲ್ಲಿ ಇಡಬೇಕು ಎಂದು ಒಂದು ಒಪ್ಪಂದವಿತ್ತು. ಆಂಡ್ರಾಯ್ಡ್ ಅನ್ನು ತಿದ್ದಿ ಬೇರೆ ರೂಪ ಕೊಟ್ಟ ವ್ಯವಸ್ಥೆಯ ಫೋನನ್ನು ಒಂದು ಮಾದರಿಯಲ್ಲೂ ಮಾರಕೂಡದು ಎಂದು ಇನ್ನೊಂದು. 2012ರ ಸೆಪ್ಟೆಂಬರ್‌ನಲ್ಲಿ ಶಾಂಘೈನಲ್ಲಿ ಏಸರ್ ಕಂಪನಿಯು ಅಲಿಬಾಬಾದ ಅಲಿಯುನ್ ವ್ಯವಸ್ಥೆಯ ಫೋನ್ ಬಿಡುಗಡೆ ಮಾಡಬೇಕಿತ್ತು. ಸಮಾರಂಭ ಕೊನೆಯ ಗಳಿಗೆಯಲ್ಲಿ ರದ್ದಾಯಿತು. ಅಲಿಯುನ್ ಎಂದರೆ ಮೂಲ ಆಂಡ್ರಾಯ್ಡ್‌ಗೆ ಹೊಂದದ, ತಿದ್ದಿದ ಆಂಡ್ರಾಯ್ಡ್ ಎಂದು ಗೂಗಲ್ ಹೇಳಿತು. ಅದು ಆಂಡ್ರಾಯ್ಡೇ ಅಲ್ಲ ಎಂದು ಅಲಿಬಾಬಾ ವಾದಿಸಿತು.

ಈ ನಿಯಮಕ್ಕೆ ನಿಜವಾದ ಕಾರಣವೂ ಇತ್ತು. ಒಂದೇ ಆ್ಯಪ್ ಒಂದು ಫೋನಿನಲ್ಲಿ ಸರಿಯಾಗಿ ಓಡಿ ಇನ್ನೊಂದರಲ್ಲಿ ಕ್ಯಾಮೆರಾ ತೆರೆಯದೆ ನಿಂತುಬಿಡುವುದನ್ನು ಪರೀಕ್ಷಿಸುತ್ತಾ ರಾತ್ರಿಗಳನ್ನು ಕಳೆದವರ ಜೊತೆ ನಾನು ಕೆಲಸ ಮಾಡಿದ್ದೇನೆ. ಹೊಂದಾಣಿಕೆಯ ಶಿಸ್ತು ಡೆವಲಪರ್‌ಗೆ ಬೇಕು. ಆದರೆ ಆ ಶಿಸ್ತಿಗೂ ಹುಡುಕಾಟದ ಪಟ್ಟಿಯನ್ನು ಕಡ್ಡಾಯ ಮಾಡುವುದಕ್ಕೂ ಯಾವ ಸಂಬಂಧವೂ ಇಲ್ಲ.

ಮೂರನೆಯ ಅಂಬಿಗರು ಡೆವಲಪರ್‌ಗಳು. ಇವರನ್ನು ಕಟ್ಟಿಹಾಕಿದ್ದು ಯಾವ ಒಪ್ಪಂದವೂ ಅಲ್ಲ, ಅನುಕೂಲ. ನೋಟಿಫಿಕೇಶನ್ ಕಳಿಸುವುದು, ಸ್ಥಳ ಗುರುತಿಸುವುದು, ನಕ್ಷೆ ತೋರಿಸುವುದು ಇವೆಲ್ಲ ಕ್ರಮೇಣ ಗೂಗಲ್ ಪ್ಲೇ ಸರ್ವಿಸಸ್ ಎಂಬ ಮುಚ್ಚಿದ ಪದರವನ್ನು ಅವಲಂಬಿಸಿದವು. 2019ರ ಮೇ ತಿಂಗಳಲ್ಲಿ ಅಮೆರಿಕದ ವ್ಯಾಪಾರ ನಿರ್ಬಂಧ ಬಿದ್ದ ಮೇಲೆ ಹುವಾವೇ ಕಂಪನಿಗೆ ಮುಕ್ತ ಕೋಡ್ ಉಳಿಯಿತು, ಹೊಸ ಫೋನುಗಳಿಗೆ ಈ ಪದರ ಸಿಗಲಿಲ್ಲ. ನಾನು ಯಾವುದೇ ತಂಡದ ಜೊತೆ ಕೆಲಸ ಆರಂಭಿಸಿದರೂ ಅವರ ಆ್ಯಪ್ ಅನ್ನು ಈ ಪದರವಿಲ್ಲದ ಫೋನಿನಲ್ಲಿ ಅರ್ಧ ದಿನ ಓಡಿಸಲು ಹೇಳುತ್ತೇನೆ. ನಕ್ಷೆಯ ಜಾಗ ಖಾಲಿ, ಸಂದೇಶ ಬರುವುದಿಲ್ಲ, ಲಾಗಿನ್ ಅರ್ಧಕ್ಕೇ ನಿಲ್ಲುತ್ತದೆ. ತಾವು ಯಾರ ನೆಲದ ಮೇಲೆ ಮನೆ ಕಟ್ಟಿದ್ದೇವೆಂದು ಆ ಸಂಜೆ ತಂಡಕ್ಕೆ ತಿಳಿಯುತ್ತದೆ.

ಭಾರತದಲ್ಲಿ ಕಮಿಷನ್‌ನ ನೋವು ಹೆಚ್ಚಲು ಯುಪಿಐ ಒಂದು ಕಾರಣ. 2020ರ ಜನವರಿಯಿಂದ ಯುಪಿಐ ಪಾವತಿಗೆ ಎಂಡಿಆರ್, ಅಂದರೆ ಹಣ ಪಡೆಯುವ ವ್ಯಾಪಾರಿ ಪ್ರತಿ ಪಾವತಿಗೆ ಕೊಡುವ ಶುಲ್ಕ, ಇಲ್ಲ. ಮೊಬೈಲ್ ಪಾವತಿಗೆ ಏನೂ ಕೊಡದೆ ಅಭ್ಯಾಸವಾದವರ ಮುಂದೆ ಪ್ಲೇ ಸ್ಟೋರ್‌ನ ಶೇ 15 ಅಥವಾ 30ರ ಕಮಿಷನ್ ಬಂದು ನಿಂತಿತು. ಸ್ವಂತ ಪಾವತಿ ವ್ಯವಸ್ಥೆಯನ್ನೂ ಇಟ್ಟುಕೊಳ್ಳಬಹುದು ಎಂಬ ಆಯ್ಕೆ ಬಂದಾಗ ಕಡಿಮೆಯಾದದ್ದು ಶೇ 4 ಮಾತ್ರ. ಅಂದರೆ ಶೇ 15ರ ಹಂತದಲ್ಲಿರುವವರ ಗ್ರಾಹಕ ನೂರು ರೂಪಾಯಿಯನ್ನು ಯುಪಿಐನಲ್ಲಿ ಕೊಟ್ಟರೂ ಹನ್ನೊಂದು ರೂಪಾಯಿ ವೇದಿಕೆಗೆ ಹೋಗುತ್ತದೆ. ಇದು ಪಾವತಿಯ ಶುಲ್ಕವಲ್ಲ, ಸುರಕ್ಷತೆ ಮತ್ತು ವಿತರಣೆಯ ಬೆಲೆ ಎನ್ನುತ್ತದೆ ಗೂಗಲ್. ಆ ಸೇವೆಗೆ ಬೆಲೆಯಿದೆ ಎಂದು ನಾನೂ ಒಪ್ಪುತ್ತೇನೆ. ಆದರೆ ಟ್ಯಾಕ್ಸಿ ಕರೆಸುವ, ಊಟ ತರಿಸುವ ಆ್ಯಪ್‌ಗಳೂ ಅದೇ ಸುರಕ್ಷತೆ, ಅದೇ ವಿತರಣೆ ಪಡೆದು ಏನೂ ಕೊಡುವುದಿಲ್ಲ. ಮಕ್ಕಳಿಗೆ ಕನ್ನಡದಲ್ಲಿ ಗಣಿತ ಕಲಿಸಿ ತಿಂಗಳಿಗೆ ಚಂದಾ ಪಡೆಯುವ ಆ್ಯಪ್ ಕೊಡಬೇಕು. ಇದನ್ನು ನ್ಯಾಯ ಎಂದು ನನ್ನಿಂದ ಒಪ್ಪಲಾಗದು.

ಭಾರತೀಯ ಸ್ಪರ್ಧಾ ಆಯೋಗ 2022ರ ಅಕ್ಟೋಬರ್‌ನಲ್ಲಿ ಎರಡು ದಂಡ ವಿಧಿಸಿತು: ಫೋನ್ ತಯಾರಕರ ಒಪ್ಪಂದಗಳ ವಿಷಯದಲ್ಲಿ ₹1,337.76 ಕೋಟಿ, ಪಾವತಿ ನಿಯಮಗಳ ವಿಷಯದಲ್ಲಿ ₹936.44 ಕೋಟಿ. ಎರಡನೆಯದನ್ನು ಮೇಲ್ಮನವಿ ಮಂಡಳಿ 2025ರಲ್ಲಿ ₹216.69 ಕೋಟಿಗೆ ಇಳಿಸಿತು. ಮೊದಲ ಆದೇಶದ ನಂತರ ಇಲ್ಲಿನ ತಯಾರಕರಿಗೆ ಗೂಗಲ್ ಆ್ಯಪ್‌ಗಳನ್ನು ಬಿಡಿಬಿಡಿಯಾಗಿ ಪಡೆಯುವ ಅವಕಾಶ ಬಂತು. 2024ರ ಫೆಬ್ರುವರಿಯಲ್ಲಿ ಬೆಂಗಳೂರಿನ ಫೋನ್‌ಪೇ ತನ್ನ ಇಂಡಸ್ ಆ್ಯಪ್‌ಸ್ಟೋರ್ ತೆರೆದು, ಯಾವ ಪಾವತಿ ವ್ಯವಸ್ಥೆಯನ್ನಾದರೂ ಬಳಸಲು ಬಿಟ್ಟಿತು. ಅದರ ಮರುವಾರವೇ ಶುಲ್ಕದ ತಗಾದೆಯಲ್ಲಿ ಮದುವೆ, ಉದ್ಯೋಗ ಮುಂತಾದ ಹೆಸರಾಂತ ಭಾರತೀಯ ಆ್ಯಪ್‌ಗಳು ಪ್ಲೇ ಸ್ಟೋರ್‌ನಿಂದ ಕಾಣೆಯಾದವು. ಸರ್ಕಾರ ಮಧ್ಯೆ ಬಂದ ಮೇಲೆ ಮರಳಿದವು. ಸಚಿವರು ಕರೆದು ಮಾತನಾಡುವಷ್ಟು ದೊಡ್ಡವರಲ್ಲದವರ ಗತಿ ಏನೆಂದು ಆ ವಾರ ಹಲವರು ನನ್ನನ್ನು ಫೋನಿನಲ್ಲಿ ಕೇಳಿದರು.

ಅವರಿಗೆ ನಾನು ಕೊಟ್ಟದ್ದು ಒಂದು ಸಣ್ಣ ತಾಂತ್ರಿಕ ಸಲಹೆ. ಆ್ಯಪ್‌ಗೆ ಅಸಲಿತನದ ಡಿಜಿಟಲ್ ಮುದ್ರೆ ಒತ್ತುವ ಸೈನಿಂಗ್ ಕೀ ಎಂಬುದೊಂದಿದೆ. 2021ರ ಆಗಸ್ಟ್‌ನಿಂದ ಪ್ಲೇ ಸ್ಟೋರ್‌ಗೆ ಬರುವ ಹೊಸ ಆ್ಯಪ್‌ಗಳ ಅಂತಿಮ ಮುದ್ರೆಯನ್ನು ಗೂಗಲ್ ಒತ್ತುತ್ತದೆ. ನೋಂದಾಯಿಸುವಾಗ ಕೀಯನ್ನು ಗೂಗಲ್‌ನಿಂದಲೇ ಮಾಡಿಸಿಕೊಳ್ಳಬಹುದು, ಅಥವಾ ನೀವೇ ಮಾಡಿ ಒಂದು ಪ್ರತಿಯನ್ನು ನಿಮ್ಮಲ್ಲಿಟ್ಟುಕೊಂಡು ಅವರಿಗೆ ಕೊಡಬಹುದು. ಅವಸರದಲ್ಲಿ ಬಹಳ ಜನ ಮೊದಲನೆಯದನ್ನು ಒತ್ತಿಬಿಡುತ್ತಾರೆ. ಮುಂದೆ ಬೇರೆ ಅಂಗಡಿಯಲ್ಲಿ ತಮ್ಮದೇ ಕೀಯಿಂದ ಮುದ್ರೆ ಒತ್ತಿ ಆ್ಯಪ್ ಇಡಲು ಹೋದಾಗ ಮುದ್ರೆ ಹೊಂದುವುದಿಲ್ಲ. ಹಳೆಯ ಗ್ರಾಹಕ ಆ್ಯಪ್ ಅಳಿಸಿ, ಫೋನಿನಲ್ಲಷ್ಟೇ ಉಳಿಸಿದ್ದ ಮಾಹಿತಿಯನ್ನೂ ಕಳೆದುಕೊಂಡು, ಹೊಸದಾಗಿ ಹಾಕಿಕೊಳ್ಳಬೇಕಾಗುತ್ತದೆ. ಈಗ ಹೊಸ ತಂಡ ಬಂದರೆ ಒಪ್ಪಂದದ ಪುಟ ತೆರೆಯುವ ಮೊದಲು ‘ಕೀ ಯಾರ ಹತ್ತಿರ ಇದೆ?’ ಎಂದು ಕೇಳುತ್ತೇನೆ.