ಕಾಯಿಲೆ ಏನೆಂದು ಖಚಿತವಾಗದಿದ್ದಾಗ ನಾಯಿಯ ಪರವಾಗಿ ಮಾತಾಡುವುದು

ಜ್ವರ ಇದೆ, ಊಟ ಬಿಟ್ಟಿದೆ, ಮೂಲೆ ಹಿಡಿದು ಮಲಗಿದೆ. ನಮ್ಮ ಕಡೆ ನಾಯಿಯನ್ನು ಹೀಗೆ ಕರೆತಂದರೆ ಪಶುವೈದ್ಯರ ಮೊದಲ ಅನುಮಾನ ಟಿಕ್ ಫೀವರ್ ಮೇಲೆ. ಉಣ್ಣಿ ಕಚ್ಚಿ ಬರುವ ಈ ಜ್ವರಕ್ಕೆ ಮುಖ್ಯ ಕಾರಣ ಎರ್ಲಿಕಿಯಾ ಎಂಬ ರೋಗಾಣು. ಅದಕ್ಕೆ 28 ದಿನ ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯೋಟಿಕ್ ಕೊಡುತ್ತೇವೆ. ಹೆಚ್ಚಿನ ನಾಯಿಗಳು ಎರಡು ಮೂರು ದಿನದಲ್ಲೇ ಎದ್ದು ಬಾಲ ಅಲ್ಲಾಡಿಸುತ್ತವೆ. ಕೆಲವು ಏಳುವುದಿಲ್ಲ. ಇವತ್ತು ಬರೆಯುತ್ತಿರುವುದು ಅವುಗಳ ಬಗ್ಗೆ.

ಐದನೇ ದಿನವೂ ಜ್ವರ ಇಳಿದಿಲ್ಲ. ರಕ್ತ ಹೆಪ್ಪುಗಟ್ಟಲು ಬೇಕಾದ ಪ್ಲೇಟ್‌ಲೆಟ್ ಕಣಗಳು ಇನ್ನೂ ಕೆಳಗೆ ಹೋಗಿವೆ. ಡಾಕ್ಟರು "ಇನ್ನೆರಡು ದಿನ ನೋಡೋಣ" ಅಂತಾರೆ. ಮನೆಯವರಿಗೆ ಸಂಕಟ. ಬಾಯಿಬಿಟ್ಟು ಕೇಳೋಣ ಅಂದರೆ ದಾಕ್ಷಿಣ್ಯ. ಡಾಕ್ಟರಿಗೆ ಎದುರಾಡಿದ ಹಾಗೆ ಆಗುತ್ತೇನೋ ಎಂಬ ಅಳುಕು. ಮೇಜಿನ ಈಚೆ ಕಡೆ ಕೂರುವ ಪಶುವೈದ್ಯೆಯಾಗಿ ಹೇಳುತ್ತೇನೆ, ದಯವಿಟ್ಟು ಕೇಳಿ. ನಿಮ್ಮ ನಾಯಿಗೆ ಎಲ್ಲಿ ನೋವು, ಯಾವಾಗಿನಿಂದ ನೋವು ಎಂದು ಅದು ನನಗೆ ಹೇಳಲಾರದು. ನೀವೂ ಸುಮ್ಮನಿದ್ದರೆ ನನ್ನ ಹತ್ತಿರ ಉಳಿಯುವುದು ಒಂದು ಥರ್ಮಾಮೀಟರ್ ಮತ್ತು ಒಂದು ರಕ್ತದ ರಿಪೋರ್ಟ್ ಮಾತ್ರ.

ಆ ರಿಪೋರ್ಟ್ ಕೂಡ ನೀವಂದುಕೊಂಡಷ್ಟು ಖಚಿತವಲ್ಲ. ಆರೋಗ್ಯವಾಗಿರುವ ನಾಯಿಗೆ ಪ್ಲೇಟ್‌ಲೆಟ್ ಸುಮಾರು 2 ಲಕ್ಷದಿಂದ 5 ಲಕ್ಷದವರೆಗೆ ಇರುತ್ತದೆ. ರಕ್ತ ತೆಗೆಯುವಾಗ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಂಡು ಗುಂಪಾದರೆ ಮೆಷಿನ್ನು ಅವನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ನಿಜಕ್ಕೂ ಒಂದೂವರೆ ಲಕ್ಷ ಇರುವ ನಾಯಿಯ ರಿಪೋರ್ಟಿನಲ್ಲಿ 40,000 ಅಂತ ಬರಬಹುದು. ಸ್ಲೈಡ್ ಮಾಡಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಮಾತ್ರ ಇದು ಗೊತ್ತಾಗುತ್ತದೆ. "ಸ್ಲೈಡ್ ನೋಡಿದ್ದೀರಾ ಡಾಕ್ಟ್ರೇ?" ಎಂದು ಕೇಳುವುದರಲ್ಲಿ ಯಾವ ತಪ್ಪೂ ಇಲ್ಲ.

ಕ್ಲಿನಿಕ್ಕಿನಲ್ಲೇ ಹತ್ತು ನಿಮಿಷದಲ್ಲಿ ಮಾಡುವ ಕಿಟ್ ಟೆಸ್ಟ್ ಇನ್ನೊಂದು. ಅದು ಹುಡುಕುವುದು ರೋಗಾಣುವನ್ನಲ್ಲ, ರೋಗಾಣುವಿನ ವಿರುದ್ಧ ದೇಹ ಮಾಡಿಕೊಂಡ ಪ್ರತಿಕಾಯವನ್ನು. ಎರಡು ವರ್ಷದ ಹಿಂದೆ ಟಿಕ್ ಫೀವರ್ ಬಂದು ವಾಸಿಯಾದ ನಾಯಿಗೂ ಅದು ಪಾಸಿಟಿವ್ ತೋರಿಸಬಹುದು. ಸೋಂಕು ತಗುಲಿದ ಮೊದಲ ದಿನಗಳಲ್ಲಿ, ನಾಯಿ ನಿಜಕ್ಕೂ ನರಳುತ್ತಿರುವಾಗಲೇ, ನೆಗೆಟಿವ್ ಬರುವುದೂ ಉಂಟು. ರೋಗಾಣು ಈಗ ರಕ್ತದಲ್ಲಿದೆಯಾ ಎಂದು ತಿಳಿಯಲು ಅದರ ಡಿಎನ್ಎ ಹುಡುಕುವ ಪಿಸಿಆರ್ ಟೆಸ್ಟ್ ಒಳ್ಳೆಯದು. ಆದರೆ ಔಷಧಿ ಶುರುವಾದ ಮೇಲೆ ತೆಗೆದ ರಕ್ತದಲ್ಲಿ ಅದೂ ಸಿಗದೇ ಹೋಗಬಹುದು. ಹಾಗಾಗಿ ಇದೊಂದನ್ನು ಮಾತ್ರ ಮೊದಲ ದಿನವೇ ಕೇಳಿ: "ಮಾತ್ರೆ ಕೊಡುವ ಮೊದಲು ಒಂದು ಸ್ಯಾಂಪಲ್ ತೆಗೆದಿಡಬಹುದಾ?" ಪಿಸಿಆರ್‌ಗೆ ಅವತ್ತೇ ದುಡ್ಡು ಕಟ್ಟಬೇಕಂತಿಲ್ಲ. ತೆಗೆದ ರಕ್ತ ಫ್ರಿಡ್ಜಿನಲ್ಲಿದ್ದರೆ ಮೂರನೇ ದಿನ ಬೇಕೆನಿಸಿದಾಗ ಕಳಿಸಬಹುದು.

ತುಮಕೂರು ಕಡೆಯ ಒಬ್ಬ ನಿವೃತ್ತ ಮೇಷ್ಟ್ರು ತಮ್ಮ ಲ್ಯಾಬ್ರಡಾರ್ ಕರೆದುಕೊಂಡು ಬಂದಿದ್ದರು. ಬೇರೆ ಕಡೆ ಒಂದು ವಾರ ಡಾಕ್ಸಿಸೈಕ್ಲಿನ್ ಆಗಿತ್ತು, ಡ್ರಿಪ್ ಆಗಿತ್ತು, ಸುಧಾರಣೆ ಇರಲಿಲ್ಲ. ಅಲ್ಲಿನ ಡಾಕ್ಟರು ಮಾಡಿದ್ದರಲ್ಲಿ ತಪ್ಪೇನೂ ಇರಲಿಲ್ಲ, ಮೊದಲ ಹೆಜ್ಜೆ ಸರಿಯಾಗೇ ಇತ್ತು. ಮೇಷ್ಟ್ರ ಕೈಯಲ್ಲಿ ಒಂದು ನೂರು ಪುಟದ ನೋಟ್‌ಬುಕ್. ದಿನಕ್ಕೆ ನಾಲ್ಕು ಸಲ ಜ್ವರ, ಎಷ್ಟು ತಿಂದಿತು, ಎಷ್ಟು ನೀರು ಕುಡಿಯಿತು, ವಾಂತಿ ಆಯಿತಾ, ಎಲ್ಲ ಬರೆದಿದ್ದರು. ನಾಲ್ಕನೇ ದಿನದ ಸಾಲಿನಲ್ಲಿ "ಉಚ್ಚೆ ಡಿಕಾಕ್ಷನ್ ಬಣ್ಣ" ಎಂದಿತ್ತು. ನನಗೆ ದಾರಿ ತೋರಿಸಿದ್ದು ಆ ಸಾಲು. ಕೆಂಪು ರಕ್ತಕಣ ರಕ್ತನಾಳದ ಒಳಗೇ ಒಡೆದರೆ ಮೂತ್ರ ಹಾಗಾಗುತ್ತದೆ. ಬರೀ ಎರ್ಲಿಕಿಯಾ ಆಗಿದ್ದರೆ ಸಾಮಾನ್ಯವಾಗಿ ಹಾಗಾಗುವುದಿಲ್ಲ. ಪಿಸಿಆರ್‌ನಲ್ಲಿ ಬಬೀಸಿಯಾ ಗಿಬ್ಸೋನಿ ಎಂಬ ಪರಾವಲಂಬಿ ಜೀವಿ ಸಿಕ್ಕಿತು. ಇದೂ ಉಣ್ಣಿಯಿಂದಲೇ ಬರುವುದು, ನಮ್ಮ ಕಡೆ ಅಪರೂಪವೇನಲ್ಲ. ಆದರೆ ರಕ್ತಕಣದ ಒಳಗೆ ಎಷ್ಟು ಚಿಕ್ಕದಾಗಿ ಕೂತಿರುತ್ತದೆಂದರೆ ಸ್ಲೈಡಿನಲ್ಲಿ ಸುಲಭವಾಗಿ ಕಣ್ತಪ್ಪುತ್ತದೆ. ಡಾಕ್ಸಿಸೈಕ್ಲಿನ್ ಒಂದರಿಂದಲೇ ಅದು ಹೋಗುವುದಿಲ್ಲ. ಅಟೊವಕ್ವೋನ್ ಮತ್ತು ಅಜಿತ್ರೋಮೈಸಿನ್ ಎರಡನ್ನೂ ಸೇರಿಸಿ 10 ದಿನ ಕೊಡಬೇಕು, ಅದೂ ಕೊಬ್ಬಿನ ಅಂಶ ಇರುವ ಊಟದ ಜೊತೆ. ದುಬಾರಿ, ಎಲ್ಲ ಮೆಡಿಕಲ್ ಸ್ಟೋರಿನಲ್ಲೂ ಸಿಗುವುದಿಲ್ಲ. ಮೇಷ್ಟ್ರ ಮಗ ಬೆಂಗಳೂರಿನಲ್ಲಿ ನಾಲ್ಕಾರು ಅಂಗಡಿ ಸುತ್ತಿ ತಂದ.

ಔಷಧಿ ಶುರುವಾದ ದಿನ ಮೇಷ್ಟ್ರು ನನ್ನನ್ನು ಕೇಳಿದ್ದು ಇಷ್ಟು. "ಮೇಡಂ, ಇದಲ್ಲದೇ ಇದ್ರೆ ಇನ್ನೇನಿರಬಹುದು? ಈ ಔಷಧಿ ಕೆಲಸ ಮಾಡ್ತಿದೆ ಅಂತ ನನಗೆ ಯಾವತ್ತು, ಏನು ನೋಡಿ ಗೊತ್ತಾಗುತ್ತೆ? ಅವತ್ತಿಗೂ ಗೊತ್ತಾಗದಿದ್ರೆ ಮುಂದೇನು?"

ನನಗೆ ಯಾರಾದರೂ ಇದಕ್ಕಿಂತ ಒಳ್ಳೆಯ ಪ್ರಶ್ನೆ ಕೇಳಿದ್ದು ನೆನಪಿಲ್ಲ. ಮೊದಲನೆಯದು ಡಾಕ್ಟರನ್ನು ಒಂದೇ ಹೆಸರಿಗೆ ಅಂಟಿಕೊಳ್ಳಲು ಬಿಡುವುದಿಲ್ಲ. ಎರಡನೆಯದು "ನೋಡೋಣ" ಎಂಬ ಮಾತಿಗೆ ಒಂದು ತಾರೀಖು ಕೊಡುತ್ತದೆ. ಮೂರನೆಯದು ರಾತ್ರಿ ಹನ್ನೊಂದಕ್ಕೆ ಗಾಬರಿಯಲ್ಲಿ ತೀರ್ಮಾನ ಮಾಡುವುದನ್ನು ತಪ್ಪಿಸುತ್ತದೆ. ಇವಕ್ಕೆ ಬೇಸರ ಮಾಡಿಕೊಳ್ಳದೆ ಉತ್ತರಿಸುವ ವೈದ್ಯರು "ಇನ್ನೂ ಖಚಿತವಿಲ್ಲ" ಅಂದರೂ ನಂಬಿ. ಖಚಿತವಿಲ್ಲ ಅನ್ನುವುದು ಅಸಡ್ಡೆಯಲ್ಲ. ಏನೂ ಹೇಳದೆ ದಿನಕ್ಕೊಂದು ಹೊಸ ಇಂಜೆಕ್ಷನ್ ಚುಚ್ಚುವುದು ಮಾತ್ರ ನನಗೆ ಚಿಂತೆಯ ವಿಷಯ.

ಅದರಲ್ಲೂ ಸ್ಟೆರಾಯ್ಡ್ ಬಗ್ಗೆ ಬಿಡಿಸಿ ಕೇಳಿ. ದೇಹ ತನ್ನದೇ ರಕ್ತಕಣಗಳನ್ನು ಒಡೆಯತೊಡಗಿದರೆ ಪ್ರೆಡ್ನಿಸೊಲೋನ್ ಎಂಬ ಸ್ಟೆರಾಯ್ಡ್ ಜೀವ ಉಳಿಸುತ್ತದೆ. ಎಷ್ಟೋ ಸಲ ಪಿಸಿಆರ್ ರಿಪೋರ್ಟ್ ಬರುವ ತನಕ ಕಾಯಲು ಸಮಯವೂ ಇರುವುದಿಲ್ಲ, ಅಂದಾಜಿನ ಮೇಲೆ ಶುರು ಮಾಡುತ್ತೇವೆ. ಆದರೆ ಯಾಕೆ ಕೊಡುತ್ತಿದ್ದೇವೆ, ಎಷ್ಟು ದಿನ, ಹೇಗೆ ಇಳಿಸುತ್ತೇವೆ ಎಂಬುದು ನಿಮಗೆ ಗೊತ್ತಿರಬೇಕು. ನಾಯಿ ಚೆನ್ನಾಗಾಯಿತು ಅಂತ ನೀವಾಗಿಯೇ ಒಮ್ಮೆಗೇ ನಿಲ್ಲಿಸುವ ಹಾಗಿಲ್ಲ. ಇನ್ನು ಜ್ವರ ಅಂತ ಮನೆಯಲ್ಲಿರುವ ಪ್ಯಾರಾಸಿಟಮಾಲ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಕೊಡುವುದಂತೂ ಬೇಡವೇ ಬೇಡ. ಪ್ಲೇಟ್‌ಲೆಟ್ ಕಡಿಮೆ ಇರುವ ನಾಯಿಗೆ ನೋವಿನ ಮಾತ್ರೆಯಿಂದ ಹೊಟ್ಟೆಯೊಳಗೆ ರಕ್ತಸ್ರಾವ ಆಗಬಹುದು. ಕೊಟ್ಟಾಗಿದ್ದರೆ ಮುಚ್ಚಿಡಬೇಡಿ, ನಾವು ಬಯ್ಯುವುದಿಲ್ಲ, ಹೇಳಿಬಿಡಿ.

ಒಂದು ಚಿಕ್ಕ ವಿಷಯ. ಹುಷಾರಿಲ್ಲದ ನಾಯಿಗೆ ನಾವೆಲ್ಲ ಮೊಸರನ್ನ ಕೊಡುತ್ತೇವೆ, ಅದರಲ್ಲೇ ಮಾತ್ರೆ ಸೇರಿಸುತ್ತೇವೆ. ಹಾಲು ಮೊಸರಿನ ಜೊತೆ ಡಾಕ್ಸಿಸೈಕ್ಲಿನ್ ಸರಿಯಾಗಿ ಹೀರಿಕೆಯಾಗುವುದಿಲ್ಲ. ಮಾತ್ರೆಯನ್ನು ಬೇರೆ ಊಟದಲ್ಲಿ ಕೊಡಿ, ಮೇಲೆ ಸ್ವಲ್ಪ ನೀರು ಕುಡಿಸಿ, ಇಲ್ಲದಿದ್ದರೆ ಗಂಟಲ ಕೊಳವೆ ಹುಣ್ಣಾಗಬಹುದು. ಮೊಸರನ್ನ ಎರಡು ಮೂರು ಗಂಟೆ ಬಿಟ್ಟು ತಿನ್ನಲಿ.

ಮನೆಯಲ್ಲಿ ನೀವು ನೋಡಬೇಕಾದದ್ದು ವಸಡು. ಹಗಲು ಬೆಳಕಿನಲ್ಲಿ ತುಟಿ ಎತ್ತಿ ನೋಡಿ. ಗುಲಾಬಿ ಬಣ್ಣ ಬಿಳಿಚಿಕೊಂಡಿದ್ದರೆ, ಅಥವಾ ಅಲ್ಲಲ್ಲಿ ಸಾಸಿವೆ ಕಾಳಿನಷ್ಟು ಕೆಂಪು ಚುಕ್ಕೆ ಇದ್ದರೆ ಫೋಟೋ ತೆಗೆದು ಕಳಿಸಿ. ನಾಯಿ ನಿದ್ದೆಯಲ್ಲಿರುವಾಗ ಎದೆ ಏರಿಳಿಯುವುದನ್ನು ಎಣಿಸಿ. ನಿಮಿಷಕ್ಕೆ 30 ದಾಟಿದರೆ ಬೆಳಗಿನ ತನಕ ಕಾಯಬೇಡಿ. ಮೂಗಿನಿಂದ ರಕ್ತ ನಿಲ್ಲದಿದ್ದರೂ ಅಷ್ಟೇ. ರಕ್ತ ಕೊಡಬೇಕಾಗಬಹುದು ಎಂದು ಡಾಕ್ಟರು ಸೂಚನೆ ಕೊಟ್ಟ ದಿನವೇ ದಾನಿ ನಾಯಿಯನ್ನು ಹುಡುಕಿಟ್ಟುಕೊಳ್ಳಿ. 25 ಕೆಜಿಗಿಂತ ಜಾಸ್ತಿ ತೂಕದ, ಲಸಿಕೆ ಆಗಿರುವ, ಒಂದರಿಂದ ಎಂಟು ವರ್ಷದೊಳಗಿನ ಶಾಂತ ಸ್ವಭಾವದ ನಾಯಿ. ಅದರ ರಕ್ತದಲ್ಲೂ ಟಿಕ್ ಫೀವರ್ ಇಲ್ಲವೆಂದು ಮೊದಲು ನೋಡಬೇಕಾಗುತ್ತದೆ, ಅದಕ್ಕೆ ಸಮಯ ಬೇಕು.

ದುಡ್ಡಿನ ಮಾತು ಆಡಲು ಎಲ್ಲರಿಗೂ ಮುಜುಗರ. "ಎಷ್ಟಾದ್ರೂ ಪರವಾಗಿಲ್ಲ ಡಾಕ್ಟ್ರೇ" ಎಂದು ಮೊದಲ ದಿನ ಅಂದವರು ಆರನೇ ದಿನ ಬರುವುದನ್ನೇ ನಿಲ್ಲಿಸಿದ್ದನ್ನು ನೋಡಿದ್ದೇನೆ. ಅರ್ಧಕ್ಕೆ ನಿಂತ ಚಿಕಿತ್ಸೆ ನಾಯಿಗೂ ನಷ್ಟ, ನಿಮಗೂ ನಷ್ಟ. "ನನ್ನ ಕೈಲಿ ಇಷ್ಟೇ ಆಗುತ್ತೆ, ಇದರಲ್ಲಿ ಯಾವ ಟೆಸ್ಟ್ ಮಾಡಿದ್ರೆ ಚಿಕಿತ್ಸೆ ಬದಲಾಗುತ್ತೆ?" ಎಂದು ಕೇಳಿ. ರಿಪೋರ್ಟ್ ಏನೇ ಬಂದರೂ ಕೊಡುವ ಔಷಧಿ ಅದೇ ಆಗಿದ್ದರೆ ಆ ಟೆಸ್ಟ್ ಬಿಡಬಹುದು, ಅಲ್ವಾ?

ಇನ್ನೊಬ್ಬ ವೈದ್ಯರ ಅಭಿಪ್ರಾಯ ಬೇಕೆನಿಸಿದರೆ ಕದ್ದು ಹೋಗಬೇಡಿ. ಹೇಳಿಯೇ ಹೋಗಿ. ಕೊಟ್ಟ ಔಷಧಿಗಳ ಹೆಸರು, ಡೋಸ್, ಎಲ್ಲ ರಿಪೋರ್ಟ್ ಬರೆಸಿಕೊಳ್ಳಿ. ಹೆಬ್ಬಾಳ, ಹಾಸನ, ಶಿವಮೊಗ್ಗ, ಬೀದರ್‌ನಲ್ಲಿರುವ ಪಶುವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗೆ ಕಷ್ಟದ ಕೇಸುಗಳನ್ನು ನಾವೇ ಕಳಿಸುತ್ತೇವೆ. ಫೈಲ್ ಇಲ್ಲದೆ ಹೋದರೆ ಅಲ್ಲಿ ಮತ್ತೆ ಸೊನ್ನೆಯಿಂದ ಶುರು. ಮನೆಯಲ್ಲಿ ನಾಲ್ಕು ಜನ ನಾಲ್ಕು ಸಲ ಫೋನ್ ಮಾಡುವುದಕ್ಕಿಂತ ಒಬ್ಬರೇ ಮಾತಾಡಿದರೆ ಮಾಹಿತಿ ತಪ್ಪುವುದಿಲ್ಲ.

ಎರ್ಲಿಕಿಯಾ ತಿಂಗಳುಗಟ್ಟಲೆ ಒಳಗೇ ಉಳಿದು ಅಸ್ಥಿಮಜ್ಜೆಯನ್ನು ಹಾಳು ಮಾಡಿದ್ದರೆ ಎಲ್ಲ ಸರಿ ಮಾಡಿದರೂ ಕೆಲವು ನಾಯಿ ಉಳಿಯುವುದಿಲ್ಲ. ಅಂಥ ಹೊತ್ತಿನಲ್ಲಿ "ಇದಕ್ಕೆ ಈಗ ನೋವಾಗ್ತಿದೆಯಾ? ನಿಮ್ಮ ನಾಯಿ ಆಗಿದ್ರೆ ಏನು ಮಾಡ್ತಿದ್ರಿ?" ಎಂದು ಕೇಳಿ. ನಾನಂತೂ ನಿಜವನ್ನೇ ಹೇಳುತ್ತೇನೆ. ದಯಾಮರಣದ ಮಾತು ತೆಗೆದ ಮಾತ್ರಕ್ಕೆ ನಿಮಗೆ ಪ್ರೀತಿ ಕಡಿಮೆ ಎಂದು ಯಾವ ವೈದ್ಯರೂ ಅಂದುಕೊಳ್ಳುವುದಿಲ್ಲ.

ಮೇಷ್ಟ್ರ ಲ್ಯಾಬ್ರಡಾರ್ ಉಳಿಯಿತು. ಚಿಕಿತ್ಸೆ ಮುಗಿದು ಎರಡು ತಿಂಗಳಾದ ಮೇಲೆ ಮತ್ತೆ ಪಿಸಿಆರ್ ಮಾಡಿಸಿದೆವು, ನೆಗೆಟಿವ್ ಬಂತು. ಇದನ್ನು ಬಹಳ ಜನ ಮಾಡಿಸುವುದಿಲ್ಲ, ಮಾಡಿಸಬೇಕು. ಜೊತೆಗೆ ಉಣ್ಣಿಯ ಕಡೆಗೂ ಗಮನ ಕೊಡಬೇಕು. ಟಿಕ್ ಫೀವರ್ ತರುವ ಕಂದು ಉಣ್ಣಿ ಮನೆಯೊಳಗೇ, ಗೋಡೆಯ ಬಿರುಕಿನಲ್ಲಿ, ಬಾಗಿಲ ಸಂದಿನಲ್ಲಿ ಬದುಕುತ್ತದೆ. ಒಂದು ಹೆಣ್ಣು ಉಣ್ಣಿ ಸಾವಿರಾರು ಮೊಟ್ಟೆ ಇಡುತ್ತದೆ. ನಾಯಿಗೆ ಉಣ್ಣಿ ಸಾಯಿಸುವ ಮಾತ್ರೆ ಕೊಟ್ಟರೆ ಸಾಲದು, ಅದು ಮಲಗುವ ಜಾಗದ ಬಿರುಕುಗಳನ್ನೂ ಮುಚ್ಚಿಸಿ.