ತಾಳ್ಮೆಯಿದ್ದವರಿಗೆ ಎಂಥ ಕೆಲಸ ಹೊಂದುತ್ತದೆ?

“ನನಗೆ ಅವಸರವಿಲ್ಲ, ಒಂದನ್ನೇ ಗಂಟೆಗಟ್ಟಲೆ ನೋಡುತ್ತ ಕೂರಬಲ್ಲೆ, ಈ ಸ್ವಭಾವಕ್ಕೆ ಯಾವ ಕೆಲಸ ಹೊಂದೀತು?” ಎಂಬ ಪ್ರಶ್ನೆಗೆ ಎಷ್ಟು ಸಲ ಉತ್ತರಿಸಿದರೂ ಅದು ಮತ್ತೆ ಬರುತ್ತಲೇ ಇದೆ. ಕೆಲಸಗಳ ಹೆಸರಷ್ಟೇ ಬೇಕಾದವರಿಗೆ ಹೇಳುವುದಾದರೆ, ಹವಾಮಾನ ವೀಕ್ಷಣೆ, ಅಣೆಕಟ್ಟಿನ ಸೋರಿಕೆ ಮತ್ತು ಬಿರುಕುಗಳ ಅಳತೆ, ಹಕ್ಕಿಗಣತಿ, ಒಂದೇ ಗುಂಪಿನ ಜನರ ಆರೋಗ್ಯವನ್ನು ದಶಕಗಳ ಕಾಲ ಗಮನಿಸುವ ಅಧ್ಯಯನಗಳು ಇವೆ. ನನ್ನ ತಕರಾರು ಇರುವುದು ಪ್ರಶ್ನೆಯೊಳಗಿನ ‘ಕೂರಬಲ್ಲೆ’ ಎಂಬ ಮಾತಿನ ಬಗ್ಗೆ.

ದೀರ್ಘಕಾಲದ ವೀಕ್ಷಕರೆಂದರೆ ಸುಮ್ಮನೆ ಕಾಯುವವರು, ಏನಾದರೂ ಘಟಿಸಿದಾಗ ಅದೃಷ್ಟವಶಾತ್ ಅಲ್ಲಿದ್ದವರು ಎಂಬ ನಂಬಿಕೆ ಅಳಿಯುವಂತೆಯೇ ಕಾಣುವುದಿಲ್ಲ. ಜರ್ಮನಿಯ ಡೆಸ್ಸೌ ಊರಿನ ಔಷಧ ವ್ಯಾಪಾರಿ ಹೈನ್ರಿಕ್ ಶ್ವಾಬೆ 1826ರಲ್ಲಿ ಸೂರ್ಯನನ್ನು ದಿನವೂ ನೋಡತೊಡಗಿದ್ದು, ಬುಧನಿಗಿಂತಲೂ ಒಳಗೆ ಇರಬಹುದೆಂದು ಊಹಿಸಿದ್ದ ಗ್ರಹವೊಂದು ಸೂರ್ಯಬಿಂಬವನ್ನು ದಾಟುವುದನ್ನು ಹಿಡಿಯಲು. ಅಂಥ ಗ್ರಹ ಇರಲೇ ಇಲ್ಲ. ಅವರು ಬರೀ ಕಾದಿದ್ದರೆ ಅಷ್ಟೂ ವರ್ಷಗಳು ನೀರಿನಲ್ಲಿ ಮಾಡಿದ ಹೋಮವಾಗುತ್ತಿದ್ದವು. ಆದರೆ ಸೌರಕಲೆಯನ್ನು, ಅಂದರೆ ಸೂರ್ಯಬಿಂಬದ ಮೇಲೆ ಕಾಣುವ ಕಪ್ಪು ಮಚ್ಚೆಯನ್ನು, ಗ್ರಹವೆಂದು ಭ್ರಮಿಸಬಾರದೆಂದು ಪ್ರತಿಯೊಂದು ಕಲೆಯನ್ನೂ ಅವರು ದಾಖಲಿಸುತ್ತ ಬಂದರು. ಹದಿನೇಳು ವರ್ಷಗಳ ಬಳಿಕ, ಕಲೆಗಳು ಸುಮಾರು ಹತ್ತು ವರ್ಷಕ್ಕೊಮ್ಮೆ ಹೆಚ್ಚಿ ಇಳಿಯುತ್ತವೆ ಎಂಬುದು ಆ ದಾಖಲೆಯಿಂದಲೇ ಹೊರಬಂತು. ಈಗ ಆ ಚಕ್ರದ ಸರಾಸರಿ ಅವಧಿಯನ್ನು ಸುಮಾರು 11 ವರ್ಷವೆನ್ನುತ್ತೇವೆ.

ಅವರ ಪಟ್ಟಿಯಲ್ಲಿ 1833ರ ಸಾಲನ್ನು ನೋಡಿ. ಸೂರ್ಯನನ್ನು ನೋಡಿದ ದಿನಗಳು 267, ಒಂದೂ ಕಲೆ ಕಾಣದ ದಿನಗಳು 139. ‘ಇವತ್ತೂ ಏನೂ ಇಲ್ಲ, ಬರೆಯುವುದೇನು’ ಎಂದು ಬಿಟ್ಟಿದ್ದರೆ ಆ 139 ದಿನಗಳು ಮೋಡ ಕವಿದ ದಿನಗಳೊಂದಿಗೆ ಬೆರೆತು, ಚಕ್ರದ ತಗ್ಗು ಯಾರಿಗೂ ಕಾಣಿಸುತ್ತಿರಲಿಲ್ಲ. ‘ನೋಡಿದೆ, ಇರಲಿಲ್ಲ’ ಎಂಬುದು ಬೇರೆ, ‘ಮೋಡ, ನೋಡಲಾಗಲಿಲ್ಲ’ ಎಂಬುದು ಬೇರೆ. ಹೊಸಬರ ದಾಖಲೆ ಪುಸ್ತಕ ಕೈಗೆ ಬಂದಾಗ ನಾನು ಮೊದಲು ಹುಡುಕುವುದೇ ಏನೂ ಕಾಣದ ದಿನಗಳ ಸಾಲುಗಳನ್ನು. ಅಲ್ಲಿ ಸೊನ್ನೆ ಬರೆದಿದ್ದರೆ ಅರ್ಧ ಪಾಠ ಆಗಲೇ ಮುಗಿದಿದೆ ಎಂದುಕೊಳ್ಳುತ್ತೇನೆ.

ಆದ್ದರಿಂದ ಬೇಸರವೇ ಆಗದ ಮನಸ್ಸು ಬೇಕೆಂದೇನೂ ಇಲ್ಲ. ಮಳೆಮಾಪಕ ಓದಲು ಕೆಲವೇ ನಿಮಿಷ ಸಾಕು, ಆದರೆ ಆ ನಿಮಿಷಗಳು ಹಬ್ಬದ ದಿನವೂ ಜ್ವರದ ದಿನವೂ ಅದೇ ಹೊತ್ತಿಗೆ ಬರುತ್ತವೆ. ಚಡಪಡಿಸುವ ಸ್ವಭಾವದವರೂ ಇದನ್ನು ಚೆನ್ನಾಗಿ ಮಾಡಬಲ್ಲರು; ಶಾಂತಸ್ವಭಾವದ ಸೋಮಾರಿಗಳಿಗೆ ಇದು ಸಾಗುವುದಿಲ್ಲ.

ಇಷ್ಟಾದರೂ, ನೋಡುವ ಕಣ್ಣೇ ಬದಲಾದರೆ ದಾಖಲೆಯ ಗತಿಯೇನು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಸ್ವಿಟ್ಜರ್ಲೆಂಡಿನ ಖಗೋಳಜ್ಞ ರುಡಾಲ್ಫ್ ವೋಲ್ಫ್ ಸೌರಕಲೆಗಳನ್ನು ಎಣಿಸುವಾಗ ತೀರ ಸಣ್ಣವನ್ನು ಬಿಟ್ಟುಬಿಡುತ್ತಿದ್ದರು. ಅವರ ಸಹಾಯಕ ಆಲ್ಫ್ರೆಡ್ ವೋಲ್ಫರ್ ಅವನ್ನೂ ಎಣಿಸುತ್ತಿದ್ದರು. ಇಬ್ಬರಲ್ಲಿ ಯಾರು ಸರಿ ಎಂದು ಜಗಳಕ್ಕೆ ಬೀಳದೆ 1877ರಿಂದ 1893ರವರೆಗೆ ಇಬ್ಬರೂ ಜೊತೆಜೊತೆಗೆ ಎಣಿಸಿದರು. ಆ ಹೋಲಿಕೆಯಿಂದ, ವೋಲ್ಫರ್ ಅವರ ಎಣಿಕೆಯನ್ನು 0.6ರಿಂದ ಗುಣಿಸಿದರೆ ವೋಲ್ಫ್ ಅವರ ಹಳೆಯ ಸರಣಿಗೆ ಹೊಂದುತ್ತದೆಂದು ತಿಳಿಯಿತು. ಉಷ್ಣಮಾಪಕವನ್ನು ಬದಲಿಸುವಾಗ ಹಳೆಯದನ್ನು ಕೂಡಲೇ ಕಿತ್ತುಹಾಕದೆ, ಎರಡನ್ನೂ ಕೆಲಕಾಲ ಅಕ್ಕಪಕ್ಕದಲ್ಲಿಟ್ಟು ಓದುವುದೂ ಇದೇ ಕಾರಣಕ್ಕೆ.