ಆಪರೇಷನ್ ಆಯಿತು, ತೂಕದ ಮುಳ್ಳು ನಿಂತಿತು: ಇನ್ನೂ ಕಡಿಮೆ ತಿನ್ನಲೇ?

ಪ್ರಶ್ನೆ: ನನಗೆ 41 ವರ್ಷ. ಶಾಲಾ ಶಿಕ್ಷಕಿ, ಬನಶಂಕರಿಯಲ್ಲಿ ಮನೆ. ನಾಲ್ಕು ತಿಂಗಳ ಹಿಂದೆ ತೂಕ ಇಳಿಸುವ ಸ್ಲೀವ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡೆ. 108 ಕಿಲೋ ಇದ್ದವಳು 86ಕ್ಕೆ ಬಂದೆ. ಆದರೆ 26 ದಿನಗಳಿಂದ ತೂಕ ಅಲ್ಲೇ ನಿಂತಿದೆ. ಮೊದಲು ಅರ್ಧ ಇಡ್ಲಿಗೇ ಸಾಕೆನ್ನಿಸುತ್ತಿತ್ತು, ಈಗ ಒಂದೂವರೆ ಹೋಗುತ್ತದೆ. ಹೊಟ್ಟೆ ಮತ್ತೆ ಹಿಗ್ಗಿಬಿಟ್ಟಿತೇ? ರಾತ್ರಿ ಊಟ ಬಿಟ್ಟು ನೋಡುತ್ತಿದ್ದೇನೆ, ಆದರೂ ಇಳಿಯುತ್ತಿಲ್ಲ. ಇನ್ನೂ ಕಡಿಮೆ ತಿನ್ನಬೇಕೇ? ಮನೆಯವರು ‘ಅಷ್ಟು ದುಡ್ಡು ಸುರಿದದ್ದು ಇಷ್ಟಕ್ಕೇನಾ’ ಎನ್ನುತ್ತಾರೆ. ಇನ್ನೊಂದು ವಿಷಯ, ಗೌರಿ ಹಬ್ಬಕ್ಕೆ ತವರಿಗೆ ಹೋಗುತ್ತಿದ್ದೇನೆ. ಒಬ್ಬಟ್ಟು ತಿನ್ನಬಹುದೇ?

ಉತ್ತರ: ಮೊದಲು ಇವತ್ತು ರಾತ್ರಿಯಿಂದಲೇ ಊಟ ಶುರುಮಾಡಿ. ಉಳಿದದ್ದನ್ನು ಊಟವಾದ ಮೇಲೆ ಓದಿದರೂ ಆದೀತು.

ಆಹಾರ ತಜ್ಞೆಯಾಗಿ ಈ ಊರಿನಲ್ಲಿ ನಾನು ಅತಿ ಹೆಚ್ಚು ಬಾರಿ ಕೇಳಿಸಿಕೊಂಡಿರುವ ಪ್ರಶ್ನೆ ಇದು. ಕೇಳುವವರೆಲ್ಲರೂ ಅಷ್ಟರಲ್ಲೇ ಒಂದು ಹೊತ್ತಿನ ಊಟ ಬಿಟ್ಟಿರುತ್ತಾರೆ. ಶನಿವಾರದ ಒಪ್ಪತ್ತು, ಏಕಾದಶಿ, ಬರೀ ಎಳನೀರಿನ ದಿನ ಎಂದು ಒಂದೊಂದೇ ಸೇರಿಕೊಳ್ಳುತ್ತದೆ. ಅವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ತೂಕ ನಿಂತಾಗ ತಟ್ಟೆಯನ್ನು ಇನ್ನಷ್ಟು ಖಾಲಿ ಮಾಡುವುದು ಆ ಹೊತ್ತಿನಲ್ಲಿ ಮಾಡಬಹುದಾದ ಅತ್ಯಂತ ತಪ್ಪು ಕೆಲಸ.

ಹೊಟ್ಟೆ ಹಿಗ್ಗಿತೇ ಎಂಬ ಭಯದಿಂದ ಶುರುಮಾಡೋಣ. ಸ್ಲೀವ್‌ನಲ್ಲಿ ಜಠರದ ಸುಮಾರು ಶೇ 75ರಿಂದ 80ರಷ್ಟು ಭಾಗವನ್ನು ತೆಗೆದು, ಬಾಳೆಹಣ್ಣಿನ ಆಕಾರದ ಕೊಳವೆಯನ್ನು ಉಳಿಸುತ್ತಾರೆ. ಹೊಲಿಗೆ ಹಸಿಯಾಗಿದ್ದಾಗ ಆ ಕೊಳವೆ ಊದಿಕೊಂಡಿರುತ್ತದೆ, ಅದಕ್ಕೇ ಅರ್ಧ ಇಡ್ಲಿಗೆ ಸಾಕಾಗುತ್ತಿತ್ತು. ಊತ ಇಳಿದ ಮೇಲೆ ಒಂದೂವರೆ ಇಡ್ಲಿ ಹಿಡಿಸುವುದು ಗಾಯ ಮಾಗಿದ್ದರ ಲಕ್ಷಣ. ಅರ್ಧ ಇಡ್ಲಿಯಲ್ಲಿ ಯಾರೂ ಜೀವನಪೂರ್ತಿ ಬದುಕಲಾರರು, ಬದುಕಬೇಕೆಂದು ಯಾವ ಶಸ್ತ್ರಚಿಕಿತ್ಸಕರೂ ಬಯಸುವುದಿಲ್ಲ.

ಹಾಗಾದರೆ ತೂಕ ಏಕೆ ನಿಂತಿತು? ನೀವು ಕಳೆದುಕೊಂಡದ್ದು 22 ಕಿಲೋ, ಹೆಚ್ಚುಕಡಿಮೆ ಒಂದು 25 ಕಿಲೋ ಅಕ್ಕಿ ಮೂಟೆ. ನಾಲ್ಕು ತಿಂಗಳ ಹಿಂದೆ ಬನಶಂಕರಿ ಮೆಟ್ರೊ ನಿಲ್ದಾಣದ ಮೆಟ್ಟಿಲನ್ನು ಆ ಮೂಟೆ ಹೊತ್ತು ಹತ್ತುತ್ತಿದ್ದಿರಿ. ಹತ್ತಲು, ನಡೆಯಲು, ಮಲಗಿದಲ್ಲಿ ಉಸಿರಾಡಲು ಕೂಡ ದೇಹಕ್ಕೆ ಈಗ ಹಿಂದಿನಷ್ಟು ಶಕ್ತಿ ಬೇಡ. ಖರ್ಚು ಇಳಿದಾಗ ಉಳಿತಾಯದಿಂದ ತೆಗೆಯುವುದೂ ಇಳಿಯುತ್ತದೆ.

ಅದರ ಮೇಲೆ ದೇಹ ತಾನಾಗಿಯೂ ಖರ್ಚನ್ನು ಬಿಗಿಹಿಡಿಯುತ್ತದೆ. 1876ರಿಂದ 78ರವರೆಗೆ ಮೈಸೂರು ಸೀಮೆಯನ್ನು ಹಿಂಡಿದ ಧಾತು, ಈಶ್ವರ ಸಂವತ್ಸರಗಳ ಬರದ ಮಾತನ್ನು ಹಿರಿಯರಿಂದ ಕೇಳಿದವರು ಇನ್ನೂ ಇದ್ದಾರೆ. ಅಂಥ ಬರಗಳನ್ನು ದಾಟಿ ಉಳಿಯಲೆಂದೇ ಮನುಷ್ಯನ ದೇಹ ರೂಪುಗೊಂಡಿದೆ. ಹೊರಗೆ ಬರ ಬಂದಿದೆಯೋ, ಆಪರೇಷನ್ ಆಗಿದೆಯೋ ಎಂದು ಅದು ಗುರುತಿಸಲಾರದು. ಅನ್ನ ಕಡಿಮೆಯಾಯಿತೆಂದರೆ ಒಲೆಯ ಉರಿ ತಗ್ಗಿಸುತ್ತದೆ. 1944–45ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ 36 ಆರೋಗ್ಯವಂತ ಯುವಕರನ್ನು ಆರು ತಿಂಗಳು ಅರೆಹೊಟ್ಟೆಯಲ್ಲಿ ಇರಿಸಿದಾಗ, ವಿಶ್ರಾಂತಿಯಲ್ಲಿ ಅವರ ದೇಹ ಸುಡುವ ಶಕ್ತಿ ಸುಮಾರು ಶೇ 40ರಷ್ಟು ಇಳಿದಿತ್ತು. ನೀವು ಈಗಾಗಲೇ ಸ್ವಲ್ಪವೇ ತಿನ್ನುತ್ತಿದ್ದೀರಿ. ರಾತ್ರಿ ಊಟವನ್ನೂ ಬಿಟ್ಟರೆ ಉರಿ ಮತ್ತಷ್ಟು ತಗ್ಗುತ್ತದೆ, ಕರಗುವುದರಲ್ಲಿ ಮಾಂಸಖಂಡದ ಪಾಲು ಹೆಚ್ಚುತ್ತದೆ.

ಆಪರೇಷನ್ ಆಗಿ ಮೂರೇ ವಾರಕ್ಕೆ ತೂಕ ನಿಂತಿತೆಂದು ಗಾಬರಿಯಾಗುವವರಿಗೂ ಒಂದು ಮಾತು. ನಮ್ಮ ಯಕೃತ್ತು ಮತ್ತು ಸ್ನಾಯುಗಳಲ್ಲಿ ಸುಮಾರು ಅರ್ಧ ಕಿಲೋದಷ್ಟು ಗ್ಲೈಕೋಜನ್ ಎಂಬ ಪಿಷ್ಟದ ದಾಸ್ತಾನು ಇರುತ್ತದೆ. ಅದರ ಪ್ರತಿ ಗ್ರಾಂ ತನ್ನ ಜೊತೆ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಟ್ಟಿರುತ್ತದೆ. ಮೊದಲ ವಾರಗಳಲ್ಲಿ ಈ ದಾಸ್ತಾನು ಕರಗಿ ನೀರೂ ಹೋಗುವುದರಿಂದ ತೂಕ ಸರ್ರನೆ ಇಳಿಯುತ್ತದೆ. ಆಮೇಲೆ ದಾಸ್ತಾನು ಸ್ವಲ್ಪ ತುಂಬಿ ನೀರು ಮರಳಿದಾಗ, ಕೊಬ್ಬು ಕರಗುತ್ತಿದ್ದರೂ ಯಂತ್ರದಲ್ಲಿ ಅದು ಕಾಣುವುದಿಲ್ಲ. ಒಂದೆರಡು ವಾರ ತಾಳಿದರೆ ಸಾಕು.

ಯಂತ್ರದ ಮಾತು ಬಂತಲ್ಲ, ಬೆಳಿಗ್ಗೆ ಸಂಜೆ ಎರಡು ಹೊತ್ತೂ ತೂಕ ನೋಡಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬರುವವರಿದ್ದಾರೆ. ಒಬ್ಬರ ಪುಸ್ತಕದಲ್ಲಿ 86.2, 86.9, 86.1, 87.0 ಎಂದು ನಾಲ್ಕು ಪುಟ ತುಂಬಿತ್ತು, ಕೆಲವು ಅಂಕಿಗಳ ಕೆಳಗೆ ಪೆನ್ನು ಒತ್ತಿ ಕಾಗದ ಹರಿದಿತ್ತು. ಅದೇ ಹೊತ್ತಿಗೆ ಅವರ ಕೈಯಲ್ಲಿ ಎರಡು–ಎಂಟರ ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ಬ್ಲೌಸನ್ನು ಆ ತಿಂಗಳಲ್ಲೇ ದರ್ಜಿ ಎರಡು ಬಾರಿ ಒಳಹೊಲಿಗೆ ಹಾಕಿ ಬಿಗಿ ಮಾಡಿದ್ದ. ‘ಬಳೆ ಯಾವಾಗಿನಿಂದ ಹೀಗಾಗಿದೆ?’ ಎಂದೆ. ಅವರು ಕೈಯನ್ನೊಮ್ಮೆ ನೋಡಿಕೊಂಡು ಅತ್ತುಬಿಟ್ಟರು. ಅಲ್ಲಿಯವರೆಗೆ ಅವರು ಅದನ್ನು ಗಮನಿಸಿಯೇ ಇರಲಿಲ್ಲ.

ಆದ್ದರಿಂದ ವಾರಕ್ಕೊಮ್ಮೆ ಮಾತ್ರ, ಪ್ರತಿ ಸಲವೂ ಅದೇ ದಿನ, ಬೆಳಿಗ್ಗೆ ಶೌಚ ಮುಗಿಸಿ ಏನೂ ತಿನ್ನುವ ಮೊದಲು ತೂಕ ನೋಡಿ. ಹಿಂದಿನ ರಾತ್ರಿಯ ಉಪ್ಪಿನಕಾಯಿ, ಮುಟ್ಟಿನ ದಿನಗಳು, ಎರಡು ದಿನದ ಮಲಬದ್ಧತೆ, ಇವುಗಳಲ್ಲಿ ಯಾವುದೊಂದಾದರೂ ತೂಕವನ್ನು ಒಂದು ಕಿಲೋ ಆಚೀಚೆ ಮಾಡಬಲ್ಲದು. ಜೊತೆಗೆ ಸೊಂಟ, ತೋಳು, ತೊಡೆಯ ಸುತ್ತಳತೆಯನ್ನು ಹದಿನೈದು ದಿನಕ್ಕೊಮ್ಮೆ ಬರೆಯಿರಿ. ತೂಕವೂ ಅಳತೆಯೂ ನಾಲ್ಕು ವಾರ ಕದಲದಿದ್ದರೆ ಆಗ ಅದನ್ನು ನಿಜವಾಗಿ ನಿಂತದ್ದು ಎನ್ನಬಹುದು, ಆಗ ತಟ್ಟೆಯನ್ನು ಪರೀಕ್ಷಿಸಬೇಕು.

ಬೆಂಗಳೂರಿನ ಸಸ್ಯಾಹಾರಿ ಮನೆಯೊಂದರ ತಟ್ಟೆ ಹೀಗಿರುತ್ತದೆ: ಬೆಳಿಗ್ಗೆ ಕಾಫಿ, ನಾಲ್ಕು ಚಮಚ ಉಪ್ಪಿಟ್ಟು, ಹನ್ನೊಂದಕ್ಕೆ ಮಜ್ಜಿಗೆ, ಮಧ್ಯಾಹ್ನ ಸ್ವಲ್ಪ ಅನ್ನ ತಿಳಿಸಾರು, ಸಂಜೆ ಕಾಫಿಯೊಂದಿಗೆ ಎರಡು ರಸ್ಕ್, ರಾತ್ರಿ ಮೊಸರನ್ನ. ನೋಡಲು ಎಷ್ಟು ಮಿತವಾದ ಊಟ! ಆದರೆ ಇಡೀ ದಿನದ ಪ್ರೋಟೀನ್ 25 ಗ್ರಾಂ ದಾಟುವುದೇ ಕಷ್ಟ. ಈ ಶಸ್ತ್ರಚಿಕಿತ್ಸೆಯ ನಂತರ ಬೇಕಾದದ್ದು ದಿನಕ್ಕೆ 60ರಿಂದ 80 ಗ್ರಾಂ. ಅದು ಸಿಗದಿದ್ದರೆ ಸ್ನಾಯು ಸವೆಯುತ್ತದೆ, ಬೇಗ ಹಸಿವಾಗುತ್ತದೆ, ಮೂರನೆಯ ತಿಂಗಳಿನಿಂದ ಉದುರಲು ಶುರುವಾಗುವ ಕೂದಲು ಇನ್ನಷ್ಟು ಉದುರುತ್ತದೆ.

ಸಾರಿನ ಪಾತ್ರೆಯಲ್ಲಿ ತಿಳಿ ಮೇಲಿರುತ್ತದೆ, ಬೇಳೆ ತಳದಲ್ಲಿರುತ್ತದೆ. ಸೌಟನ್ನು ತಳಕ್ಕೆ ಬಿಡಿ. ಗಟ್ಟಿ ಬೇಳೆಯ ಒಂದು ಸಣ್ಣ ಬಟ್ಟಲಿನಲ್ಲಿ ಸುಮಾರು 7 ಗ್ರಾಂ ಪ್ರೋಟೀನ್ ಇರುತ್ತದೆ. 50 ಗ್ರಾಂ ಪನೀರಿನಲ್ಲಿ 9, ಒಂದು ಮೊಟ್ಟೆಯಲ್ಲಿ 6, ಒಣಗಿದ ಸೋಯಾ ತುಣುಕು 25 ಗ್ರಾಂ ನೆನೆಸಿ ಬೇಯಿಸಿದರೆ 13. ಉಪ್ಪಿಟ್ಟಿನ ಬದಲು ಹೆಸರುಬೇಳೆ ದೋಸೆಗೆ ಪನೀರು ತುರಿದು ಹಾಕಿ. ಕೊರತೆ ಉಳಿದರೆ ವೈದ್ಯರನ್ನು ಕೇಳಿ ಪ್ರೋಟೀನ್ ಪುಡಿ ಸೇರಿಸಿಕೊಳ್ಳಿ. ಮೂತ್ರಪಿಂಡದ ತೊಂದರೆ ಇರುವವರಿಗೆ ಈ ಲೆಕ್ಕವೇ ಬೇರೆ. ಎಲ್ಲಕ್ಕಿಂತ ಮುಖ್ಯವಾಗಿ, ಮೊದಲ ತುತ್ತುಗಳು ಬೇಳೆಯದೋ ಪನೀರಿನದೋ ಆಗಿರಲಿ, ಅನ್ನ ಕೊನೆಗೆ ಬರಲಿ. ಜಾಗ ಚಿಕ್ಕದು, ಮೊದಲು ಬಂದವರಿಗೇ ಅದು.

ಮುದ್ದೆಯ ಬಗ್ಗೆಯೂ ಕೇಳುತ್ತಾರೆ. ರಾಗಿ ಒಳ್ಳೆಯದೇ, ಆದರೆ ಮುದ್ದೆಯನ್ನು ನಾವು ಅಗಿಯುವುದಿಲ್ಲ, ನುಂಗುತ್ತೇವೆ. ಕಿರಿದಾದ ಜಠರದಲ್ಲಿ ಅಗಿಯದ ಉಂಡೆ ಸಿಕ್ಕಿಕೊಂಡು ಎದೆಯೊತ್ತಿ ವಾಂತಿಯಾಗಬಹುದು. ರಾಗಿಯನ್ನು ಅಂಬಲಿಯಾಗಿಯೋ, ಚೆನ್ನಾಗಿ ಅಗಿದು ತಿನ್ನುವ ಮೆತ್ತನೆಯ ರೊಟ್ಟಿಯಾಗಿಯೋ ತೆಗೆದುಕೊಳ್ಳಿ.

ಸಂಜೆಯ ಹೊತ್ತನ್ನು ಮಾತ್ರ ಪ್ರಾಮಾಣಿಕವಾಗಿ ನೋಡಿಕೊಳ್ಳಿ. ಪನೀರು ಎರಡೇ ತುಂಡಿಗೆ ಹೊಟ್ಟೆ ತುಂಬಿಸುತ್ತದೆ. ರಸ್ಕ್, ಚಿಪ್ಸ್, ಖಾರದ ಅವಲಕ್ಕಿ, ಅಯ್ಯಂಗಾರ್ ಬೇಕರಿಯ ಬೆಣ್ಣೆ ಬಿಸ್ಕತ್ತು ಬಾಯಲ್ಲೇ ಕರಗಿ ಜಾರಿಹೋಗುತ್ತವೆ, ಜಠರಕ್ಕೆ ತುಂಬಿದ ಅನುಭವವೇ ಆಗುವುದಿಲ್ಲ. ಎರಡು ಚಮಚ ಸಕ್ಕರೆಯ ಕಾಫಿ ದಿನಕ್ಕೆ ನಾಲ್ಕಾದರೆ ಸಕ್ಕರೆಯೇ 150 ಕ್ಯಾಲೊರಿ ಮುಟ್ಟಬಹುದು. ಕಾಫಿ ಬಿಡಿ ಎನ್ನುವಷ್ಟು ಕಠಿಣ ಮನಸ್ಸು ನನಗಿಲ್ಲ, ದಿನಕ್ಕೆ ಎರಡು ‘ಬೈ ಟು’, ಸಕ್ಕರೆ ಇಲ್ಲದೆ. ನೀರನ್ನು ಊಟದ ಜೊತೆ ಬೇಡ, ಊಟವಾದ ಅರ್ಧ ಗಂಟೆಯ ಮೇಲೆ ಗುಟುಕು ಗುಟುಕಾಗಿ, ದಿನಕ್ಕೆ ಒಂದೂವರೆ ಲೀಟರಿಗೆ ಕಡಿಮೆಯಾಗದಂತೆ ಕುಡಿಯಿರಿ.

ನಡಿಗೆಯನ್ನು ಎಲ್ಲರೂ ಮಾಡುತ್ತಾರೆ. ಲಾಲ್‌ಬಾಗಿನಲ್ಲಿ ನಿತ್ಯ ಸುತ್ತು ಹಾಕುವವರೂ ಸ್ನಾಯು ಬಲಗೊಳಿಸುವ ಕೆಲಸ ಮಾಡುವುದಿಲ್ಲ, ತೂಕ ನಿಂತಾಗ ಬೇಕಾದದ್ದು ಅದೇ. ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರಿ, ಗೋಡೆಗೆ ಕೈಯಿಟ್ಟು ಒತ್ತಿ, ನೀರು ತುಂಬಿದ ಬಾಟಲಿ ಎತ್ತಿ. ವಾರಕ್ಕೆ ಮೂರು ದಿನ ಸಾಕು. ನಿಮ್ಮ ಶಸ್ತ್ರಚಿಕಿತ್ಸಕರು ಭಾರ ಎತ್ತಲು ಒಪ್ಪಿದ್ದಾರೆಯೇ ಎಂದು ಖಚಿತಪಡಿಸಿಕೊಳ್ಳಿ.

ಇನ್ನು ಮನೆಯವರ ಮಾತಿಗೆ. ಈ ಶಸ್ತ್ರಚಿಕಿತ್ಸೆಯ ನಂತರ ತೂಕ ಸಾಮಾನ್ಯವಾಗಿ ತಳ ಮುಟ್ಟುವುದು 12ರಿಂದ 18 ತಿಂಗಳಿಗೆ, ನಿಮಗಿನ್ನೂ ನಾಲ್ಕೇ ತಿಂಗಳು. 1987ರಲ್ಲಿ ಶುರುವಾದ ಸ್ವೀಡನ್ನಿನ ದೀರ್ಘಕಾಲದ ಅಧ್ಯಯನದಲ್ಲಿ, ಬೈಪಾಸ್ (ಹೃದಯದ್ದಲ್ಲ, ಜಠರವನ್ನು ಕಿರಿದಾಗಿಸಿ ನೇರ ಕರುಳಿಗೆ ಜೋಡಿಸುವ ತೂಕ ಇಳಿಸುವ ಇನ್ನೊಂದು ಶಸ್ತ್ರಚಿಕಿತ್ಸೆ) ಮಾಡಿಸಿಕೊಂಡವರು ಒಂದೆರಡು ವರ್ಷದಲ್ಲಿ ಸರಾಸರಿ ಶೇ 32ರಷ್ಟು ತೂಕ ಕಳೆದುಕೊಂಡರು. ಹತ್ತು ವರ್ಷದ ನಂತರವೂ ಶೇ 25ರಷ್ಟು ಇಳಿಕೆ ಉಳಿದಿತ್ತು. ಅಂದರೆ ಕೊನೆಗೊಮ್ಮೆ ನಿಲ್ಲುವುದು, ಆಮೇಲೆ ಸ್ವಲ್ಪ ಮೇಲೇರುವುದು ಸಹಜ. ಎರಡು ಮೂರು ವರ್ಷದ ಬಳಿಕ ತಿಂಗಳು ತಿಂಗಳೂ ತೂಕ ಏರುತ್ತಲೇ ಹೋದರೆ ಅದು ಬೇರೆ ಪ್ರಶ್ನೆ. ಆಗ ಥೈರಾಯ್ಡ್ ಪರೀಕ್ಷೆ, ಎಂಡೋಸ್ಕೋಪಿ, ಸೇವಿಸುತ್ತಿರುವ ಮಾತ್ರೆಗಳ ಪರಿಶೀಲನೆ ಬೇಕಾಗಬಹುದು. ಇನ್ಸುಲಿನ್, ಸ್ಟಿರಾಯ್ಡ್, ಕೆಲವು ಮಾನಸಿಕ ಆರೋಗ್ಯದ ಔಷಧಗಳು ತೂಕ ಹೆಚ್ಚಿಸಬಲ್ಲವು, ಆದರೆ ನೀವಾಗಿಯೇ ನಿಲ್ಲಿಸಬೇಡಿ. 2025ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ಟಿರ್ಜೆಪಟೈಡ್‌ನಂಥ ತೂಕ ಇಳಿಸುವ ಚುಚ್ಚುಮದ್ದುಗಳನ್ನೂ ವೈದ್ಯರು ಸೂಚಿಸಬಹುದು. ಪರಿಚಯದವರ ಮೂಲಕ ತರಿಸಿ ಚುಚ್ಚಿಕೊಳ್ಳುವ ವಸ್ತು ಅದಲ್ಲ.

ಕಾಯದೆ ಅಂದೇ ಆಸ್ಪತ್ರೆಗೆ ಹೋಗಬೇಕಾದ ಸಂದರ್ಭಗಳೂ ಇವೆ. ನಿಲ್ಲದ ವಾಂತಿ, ನೀರೂ ಒಳಗಿಳಿಯದಿರುವುದು, ಕೈಕಾಲು ಜೋಮು ಹಿಡಿದು ನಡಿಗೆ ತೂರಾಡುವುದು, ಮಂಕು ಕವಿಯುವುದು. ಇವು ಥಯಾಮಿನ್ ಎಂಬ ಬಿ1 ಜೀವಸತ್ವದ ತೀವ್ರ ಕೊರತೆಯ ಸೂಚನೆಗಳಾಗಿರಬಹುದು, ತಡವಾದರೆ ನರಗಳಿಗೆ ಶಾಶ್ವತ ಹಾನಿಯಾಗುತ್ತದೆ. ಊಟ ಬಿಡಬೇಡಿ ಎಂದು ನಾನು ಹಟ ಹಿಡಿಯುವುದಕ್ಕೆ ಇದೂ ಕಾರಣ. ಮದುವೆಯಾದ ಹೆಣ್ಣುಮಕ್ಕಳಿಗೆ ಇನ್ನೊಂದು ಮಾತು: ತೂಕ ಇಳಿದಂತೆ ಮುಟ್ಟು ಸರಿಹೋಗಿ ಗರ್ಭ ನಿಲ್ಲುವ ಸಾಧ್ಯತೆ ಹೆಚ್ಚುತ್ತದೆ, ಆದರೆ ಮೊದಲ 12ರಿಂದ 18 ತಿಂಗಳು ಗರ್ಭಧಾರಣೆ ಬೇಡ ಎಂಬುದು ವೈದ್ಯರ ಸಲಹೆ. ಮುಟ್ಟು ತಪ್ಪಿದ್ದರೆ ಮೊದಲು ಪರೀಕ್ಷೆ ಮಾಡಿಸಿಕೊಳ್ಳಿ.

ಒಬ್ಬಟ್ಟು? ತಿನ್ನಿ. ಅಮ್ಮ ಬಾಗಿನ ಕೊಟ್ಟು ಎಲೆ ಹಾಕಿ ಬಡಿಸಿದಾಗ ಕೈ ಹಿಂದೆ ತೆಗೆಯಬೇಡಿ. ಮೊದಲು ಕೋಸಂಬರಿ, ತಳದ ಬೇಳೆ, ಸ್ವಲ್ಪ ಪಲ್ಯ. ಆಮೇಲೆ ಒಬ್ಬಟ್ಟಿನ ಕಾಲು ಭಾಗ, ಹಾಲಿಲ್ಲದೆ, ಅರ್ಧ ಚಮಚ ತುಪ್ಪದೊಂದಿಗೆ, ನಿಧಾನವಾಗಿ ಅಗಿದು. ತಿಂದ ಅರ್ಧ ಗಂಟೆಯೊಳಗೆ ಎದೆ ಡವಡವ ಎಂದು ಬೆವರು ಕಿತ್ತರೆ ಸಿಹಿ ಬೇಗನೆ ಕರುಳಿಗೆ ಇಳಿದಿದೆ ಎಂದರ್ಥ, ಸ್ವಲ್ಪ ಹೊತ್ತು ಮಲಗಿಕೊಳ್ಳಿ. ಬೈಪಾಸ್ ಆದವರಲ್ಲಿ ಇದು ಹೆಚ್ಚು. ಉಳಿದ ಮುಕ್ಕಾಲು ಒಬ್ಬಟ್ಟನ್ನು ಅಮ್ಮನ ಎಲೆಗೇ ಹಾಕಿಬಿಡಿ.